ಜೋಳಿಗೆ ಹಿಡಿದ ಸಹೋದರರು

ಮಂಗಳವಾರದ ನವೇನಕ್ಕೆ ಹೋದಾಗ ಸಂತ ಅಂತೋಣಿಯವರ ತೋಳಿನಲ್ಲಿರುವ ಬಾಲಯೇಸುವನ್ನೂ ಕೈಯಲ್ಲಿರುವ ಲಿಲ್ಲಿ ಹೂವನ್ನೂ ನಾವು ಕಣ್ತುಂಬ ನೋಡುತ್ತೇವೆ. ಸೊಂಟದ ಹಗ್ಗವನ್ನು ಗಮನಿಸುವವರು ಕಡಿಮೆ. ಅದರ ಮೂರು ಗಂಟುಗಳು ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ವ್ರತಗಳ ಗುರುತು. ಕಳೆದುಹೋದ ಬೀಗದ ಕೈಗಾಗಿ ನಾವು ಮೊರೆಯಿಡುವ ಈ ಮಹನೀಯರು, ಮನೆಬಾಗಿಲಿಗೆ ಬಂದು ರೊಟ್ಟಿ ಬೇಡುವ ಸಹೋದರರ ಸಭೆಗೆ ಸೇರಿದವರು.

ಹದಿಮೂರನೆಯ ಶತಮಾನದ ಯುರೋಪಿಗೆ ಸನ್ಯಾಸವೇನೂ ಹೊಸದಾಗಿರಲಿಲ್ಲ. ಆದರೆ ಹಳೆಯ ಮಠಗಳು ಹೆಚ್ಚಾಗಿ ಊರಿನಿಂದ ದೂರವಿದ್ದವು. ಅವುಗಳಿಗೆ ಹೊಲ, ದ್ರಾಕ್ಷಿತೋಟ, ಒಕ್ಕಲುಗಳಿದ್ದವು. ಸನ್ಯಾಸಿಯು ಬಡವನಾದರೂ ಮಠವು ಸಿರಿವಂತವಾಗಿರಬಹುದಿತ್ತು. ಇತ್ತ ಇಟಲಿಯ ಪಟ್ಟಣಗಳು ವ್ಯಾಪಾರದಿಂದ ಬೆಳೆಯುತ್ತಿದ್ದವು. ನೇಕಾರರು, ಕೂಲಿಗಳು, ಲೇವಾದೇವಿಗಾರರು ಒತ್ತೊತ್ತಾಗಿ ಬಾಳುತ್ತಿದ್ದ ಆ ಬೀದಿಗಳಿಗೇ ಅಸ್ಸಿಸಿಯ ಸಂತ ಫ್ರಾನ್ಸಿಸರ ಬಳಗವೂ 1216ರಲ್ಲಿ ಮನ್ನಣೆ ಪಡೆದ ಸಂತ ದೊಮಿನಿಕರ ಬಳಗವೂ ಇಳಿದುಬಂದವು.

ಇವರ ಭಿಕ್ಷೆ ಸೋಮಾರಿತನದ್ದಲ್ಲ. ಫ್ರಾನ್ಸಿಸರ 1223ರ ನಿಯಮಾವಳಿಯಂತೆ ಸಹೋದರರು ಸ್ವತಃ ಆಗಲಿ ಬೇರೆಯವರ ಮೂಲಕವಾಗಲಿ ಹಣ ಮುಟ್ಟುವಂತಿರಲಿಲ್ಲ. ಮೊದಲು ಕೈಯಾರೆ ದುಡಿಯಬೇಕು. ದುಡಿಮೆಗೆ ಕೂಲಿ ದೊರೆಯದಿದ್ದರೆ ಮನೆಮನೆಗೆ ಹೋಗಿ ಬೇಡಬೇಕೆಂದು ಅವರು 1226ರ ತಮ್ಮ ಮರಣಶಾಸನದಲ್ಲಿ ತಿಳಿಸಿದರು. ಹೀಗಾಗಿ ಸಹೋದರನ ಹೊಟ್ಟೆ ಊರವರ ಕೈಯಲ್ಲಿತ್ತು. ಯಾವ ಮನೆಯಲ್ಲಿ ಒಲೆ ಉರಿದಿಲ್ಲವೆಂಬುದು ಬೇಡಲು ಹೋದವನಿಗಲ್ಲದೆ ಮತ್ತಾರಿಗೆ ತಿಳಿದೀತು?

1231ರ ತಪಸ್ಸುಕಾಲದಲ್ಲಿ ಅಂತೋಣಿಯವರು ಪದುವಾ ನಗರದಲ್ಲಿ ದಿನವೂ ಪ್ರಬೋಧನೆ ಮಾಡಿದರು. ಸಾಲ ತೀರಿಸಲಾಗದವರನ್ನು ಸೆರೆಮನೆಗೆ ತಳ್ಳುತ್ತಿದ್ದ ಕಾಲವದು. ಸಾಲಗಾರನಾಗಲಿ ಜಾಮೀನು ನಿಂತವನಾಗಲಿ ತನ್ನ ಸ್ವತ್ತನ್ನು ಬಿಟ್ಟುಕೊಟ್ಟ ಬಳಿಕ ಅವನನ್ನು ಸೆರೆಯಲ್ಲಿಡಕೂಡದೆಂದು ಆ ಮಾರ್ಚ್ ತಿಂಗಳಲ್ಲಿ ನಗರಸಭೆ ಕಾನೂನು ಮಾಡಿತು. ಅಂತೋಣಿಯವರ ಕೋರಿಕೆಯ ಮೇರೆಗೆ ಎಂದು ಆ ಶಾಸನದಲ್ಲಿಯೇ ಬರೆದಿದೆ. ಅವರ ಪವಾಡಗಳನ್ನು ಎಣಿಸುವ ನಾವು ಇದನ್ನೂ ಅವುಗಳ ಸಾಲಿಗೆ ಸೇರಿಸಬಾರದೇಕೆ?

ಎಲ್ಲರಿಗೂ ಈ ಸಹೋದರರು ಹಿಡಿಸಲಿಲ್ಲ. ವರ್ಷಕ್ಕೊಮ್ಮೆಯಾದರೂ ಪ್ರತಿಯೊಬ್ಬರೂ ಪಾಪನಿವೇದನೆ ಮಾಡಬೇಕೆಂದು 1215ರ ಲ್ಯಾಟರನ್ ಮಹಾಸಭೆ ವಿಧಿಸಿತ್ತು. ಜನ ತಮ್ಮ ಧರ್ಮಕೇಂದ್ರದ ಗುರುಗಳನ್ನು ಬಿಟ್ಟು ಓದುಬರಹ ಬಲ್ಲ, ಮರುದಿನ ಬೀದಿಯಲ್ಲಿ ಎದುರಾಗದ ಪರಸ್ಥಳದ ಸಹೋದರನ ಬಳಿ ಮೊಣಕಾಲೂರಿದರು. ಸತ್ತರೆ ಸಹೋದರರ ದೇವಾಲಯದಲ್ಲೇ ಮಣ್ಣಾಗಬೇಕೆಂದು ಬಯಸಿದರು. ಕಾಣಿಕೆಯೂ ಅತ್ತಲೇ ಹರಿಯಿತು. ಧರ್ಮಕೇಂದ್ರದ ಗುರುಗಳ ಅಸಮಾಧಾನವನ್ನು ಬರಿಯ ಹೊಟ್ಟೆಕಿಚ್ಚೆಂದು ತಳ್ಳಿಹಾಕಲಾಗದು. ಅವರ ಜೀವನವೂ ಆ ಕಾಣಿಕೆಯಿಂದಲೇ ನಡೆಯಬೇಕಿತ್ತು. ಕೊನೆಗೆ 1300ರಲ್ಲಿ ಜಗದ್ಗುರು ಎಂಟನೆಯ ಬೊನಿಫಾಸರು ನ್ಯಾಯ ತೀರಿಸಿದರು: ಪಾಪನಿವೇದನೆ ಕೇಳಲು ಸಹೋದರರಿಗೆ ಧರ್ಮಾಧ್ಯಕ್ಷರ ಅನುಮತಿ ಬೇಕು, ಶವಸಂಸ್ಕಾರದ ಆದಾಯದಲ್ಲಿ ನಾಲ್ಕನೆಯ ಒಂದು ಪಾಲು ಧರ್ಮಕೇಂದ್ರದ ಗುರುಗಳಿಗೆ ಸಲ್ಲಬೇಕು.

ಸಹೋದರರೊಳಗಿನ ಜಗಳ ಅದಕ್ಕಿಂತಲೂ ಕಠಿಣವಾಗಿತ್ತು. ಬೇಡುವವರನ್ನು ಜನ ಎಷ್ಟು ಪ್ರೀತಿಸಿದರೋ ಅಷ್ಟೇ ಧಾರಾಳವಾಗಿ ಕೊಟ್ಟರು. ಕೊಟ್ಟದ್ದು ಕಲ್ಲುಕಟ್ಟಡವಾಯಿತು. ಬಡತನವನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸಬೇಕೆಂಬ ವಾದ ವಿಕೋಪಕ್ಕೆ ಹೋಗಿ, ಜಗದ್ಗುರುಗಳ ಆಜ್ಞೆಗೆ ತಲೆಬಾಗದ ನಾಲ್ವರು ಫ್ರಾನ್ಸಿಸ್ಕನ್ ಸಹೋದರರನ್ನು 1318ರಲ್ಲಿ ಮಾರ್ಸೇ ನಗರದಲ್ಲಿ ಸುಡಲಾಯಿತು. ಇದನ್ನು ನೆನೆಯುವುದು ನಮಗೆ ಹಿತವಲ್ಲ, ಮರೆಯುವುದೂ ಸರಿಯಲ್ಲ.

ಅಂತೋಣಿಯವರು ಸಾಲಗಾರರ ಕಾನೂನು ಬಂದ ಮೂರೇ ತಿಂಗಳಲ್ಲಿ, 1231ರ ಜೂನ್ 13ರಂದು ತೀರಿಕೊಂಡರು. ವರ್ಷ ತುಂಬುವ ಮೊದಲೇ ಅವರನ್ನು ಸಂತರೆಂದು ಘೋಷಿಸಲಾಯಿತು. ಪದುವಾದ ಜನ ಅವರ ಹೆಸರಿನಲ್ಲಿ ಗುಮ್ಮಟಗಳುಳ್ಳ ಮಹಾದೇವಾಲಯವನ್ನು ಕಟ್ಟಿದರು. ಸಾಲಗಾರರ ಪರವಾಗಿ ಬೇಡಿಕೊಂಡ ಆ ನಾಲಿಗೆಯನ್ನು ಅಲ್ಲಿ ಬಂಗಾರದ ಲೇಪವಿರುವ ಕರಂಡದಲ್ಲಿ ಇಟ್ಟಿದ್ದಾರೆ.