ಮಳೆ ಅಳೆಯೋಕೆ ಸಾವಿರಗಟ್ಟಲೆ ಬೇಡ

ವೈಯಾಲಿಕಾವಲಿನಲ್ಲಿ ಓದುವ ಮಗನಿರಲಿ, ಊರ ಶಾಲೆಯ ಮಗಳಿರಲಿ, ಪ್ರಾಜೆಕ್ಟಿಗೆ ಹವಾಮಾನ ಕೇಂದ್ರ ಬೇಕೆಂದರೆ ದುಬಾರಿ ಯಂತ್ರ ತರಬೇಡಿ. 2 ಲೀಟರ್ ಬಾಟಲಿ, 10 ಸೆಂ.ಮೀ. ಬಾಯಿಯ ಆಲಿಕೆ, ಮಿ.ಲೀ. ಗುರುತಿರುವ ಅಳತೆ ಜಾಡಿ, ಒಂದು ಥರ್ಮಾಮೀಟರ್ ಸಾಕು. 7.85 ಮಿ.ಲೀ. ನೀರು ಸಿಕ್ಕರೆ 1 ಮಿ.ಮೀ. ಮಳೆ ಅಂತ ಲೆಕ್ಕ.

ಇಡುವ ಜಾಗ ಮುಖ್ಯ. ತಾರಸಿಯ ಟ್ಯಾಂಕಾಗಲಿ, ತೋಟದ ಮರವಾಗಲಿ, ಆಲಿಕೆಗಿಂತ ಎಷ್ಟು ಎತ್ತರವೋ ಅದರ ಎರಡರಷ್ಟು ದೂರವಿರಲಿ. ಥರ್ಮಾಮೀಟರ್ ನೆರಳಲ್ಲಿ, ಗಾಳಿಯಾಡುವಲ್ಲಿ ತೂಗಲಿ.

ಹವಾಮಾನ ಇಲಾಖೆಯಂತೆ ದಿನಾ ಬೆಳಿಗ್ಗೆ 8.30ಕ್ಕೆ ಅಳೆದು ಬರೆಯಿಸಿ. ಹವಾಮಾನ ಆಧಾರಿತ ಬೆಳೆ ವಿಮೆಗೆ ಪಂಚಾಯಿತಿಯ ಮಳೆಮಾಪಕದ್ದೇ ಲೆಕ್ಕ. ನಮ್ಮ ತೋಟದ ಮಳೆ ಬೇರೆಯೇ ಇರಬಹುದು. ಮಕ್ಕಳ ಪುಸ್ತಕವನ್ನು ವಿಮೆಯವರು ಒಪ್ಪಲಿಕ್ಕಿಲ್ಲ. ಆದರೂ ಪ್ರಶ್ನೆ ಕೇಳಲು ನಮ್ಮ ಕೈಯಲ್ಲೊಂದು ಅಂಕಿ ಬೇಡವೇ?