ಕಠಿಣ ಕಾನೂನಿನ ಬಲೆಗೆ ಬಿದ್ದವರು

1993ರ ಏಪ್ರಿಲ್ 9 ಶುಭ ಶುಕ್ರವಾರವಾಗಿತ್ತು. ನಾಡಿನ ದೇವಾಲಯಗಳಲ್ಲಿ ಯೇಸುಸ್ವಾಮಿಯ ಪಾಡುಗಳನ್ನು ಸ್ಮರಿಸುವ ಆ ದಿನದಂದೇ, ಮಲೆ ಮಹದೇಶ್ವರ ಬೆಟ್ಟದ ಆಚೆ ಪಾಲಾರ್ ಸಮೀಪದ ಕಾಡುದಾರಿಯಲ್ಲಿ ವೀರಪ್ಪನ್ ತಂಡದವರು ಹೂತಿಟ್ಟಿದ್ದ ನೆಲಬಾಂಬು ಸಿಡಿಯಿತು. ಪೊಲೀಸರು, ಅರಣ್ಯ ಕಾವಲುಗಾರರು, ಮಾಹಿತಿದಾರರು ಸೇರಿ 22 ಮಂದಿ ಮಡಿದರು. ಅದಕ್ಕೆ ಹಿಂದಿನ ವರ್ಷವಷ್ಟೇ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿ ನಡೆದಿತ್ತು, ಎಸ್.ಪಿ. ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಹೊಂಚುದಾಳಿಗೆ ಬಲಿಯಾಗಿದ್ದರು. ಇವರೆಲ್ಲರ ಮನೆಗಳಲ್ಲಿಯೂ ದಾರಿ ಕಾಯುವವರಿದ್ದರು. ಓದುಗರು ಮೊದಲು ಅವರನ್ನು ನೆನೆಯಬೇಕೆಂದು ಕೋರುತ್ತೇನೆ. ಏಕೆಂದರೆ ನಾನಿಲ್ಲಿ ಹೇಳಹೊರಟಿರುವುದು ಸೆರೆಯಲ್ಲಿದ್ದವರ ಸಂಗತಿ. ಅದನ್ನು ಹೇಳುವವರು ಸತ್ತವರನ್ನು ಮರೆಯುತ್ತಾರೆಂಬ ಆಕ್ಷೇಪ ಅನೇಕ ಬಾರಿ ನ್ಯಾಯವಾದದ್ದೇ ಆಗಿರುತ್ತದೆ.

ಇಂತಹ ಕ್ರೌರ್ಯವನ್ನು ನಿರ್ದಾಕ್ಷಿಣ್ಯವಾಗಿ ಹತ್ತಿಕ್ಕಬೇಕೆಂದು ಜನ ಕೂಗಿದರು. ಸರ್ಕಾರದ ಕೈಯಲ್ಲಿ ಅದಕ್ಕೆ ತಕ್ಕ ಆಯುಧವೊಂದು ಸಿದ್ಧವಾಗಿಯೇ ಇತ್ತು. 1985ರಲ್ಲಿ ಪಂಜಾಬಿನ ಪರಿಸ್ಥಿತಿಯನ್ನು ಎದುರಿಸಲೆಂದು ರಚಿತವಾಗಿ, 1987ರಲ್ಲಿ ಇನ್ನಷ್ಟು ಬಿಗಿಯಾದ ಟಾಡಾ ಕಾಯಿದೆಯೇ ಅದು. ಸಾಮಾನ್ಯ ಕಾನೂನಿನಲ್ಲಿ ಪೊಲೀಸರ ಮುಂದೆ ನೀಡಿದ ತಪ್ಪೊಪ್ಪಿಗೆಗೆ ಸಾಕ್ಷ್ಯದ ಬೆಲೆಯಿಲ್ಲ. ಟಾಡಾ ಅಡಿಯಲ್ಲಿ ಎಸ್.ಪಿ. ದರ್ಜೆಯ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆ ಸಾಕ್ಷ್ಯವಾಗುತ್ತಿತ್ತು. ಆರೋಪಪಟ್ಟಿ ಸಲ್ಲಿಸದೆಯೇ ಮೊದಲು ಒಂದು ವರ್ಷದವರೆಗೂ, 1993ರ ತಿದ್ದುಪಡಿಯ ಬಳಿಕ 180 ದಿನಗಳವರೆಗೂ ಆರೋಪಿಯನ್ನು ಬಂಧನದಲ್ಲಿಡಲು ಅವಕಾಶವಿತ್ತು. ಇನ್ನು ಜಾಮೀನಿನ ಮಾತು. ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಕಾರಣಗಳಿವೆಯೆಂದು ನ್ಯಾಯಾಧೀಶರಿಗೇ ಮನವರಿಕೆಯಾದ ಹೊರತು ಜಾಮೀನು ನೀಡುವಂತಿರಲಿಲ್ಲ. ವಿಚಾರಣೆ ಆರಂಭವಾಗುವ ಮೊದಲೇ ಇಂತಹ ಮನವರಿಕೆ ಮಾಡಿಕೊಡುವುದು ಹೇಗೆಂದು ಕಾಯಿದೆ ಹೇಳಲಿಲ್ಲ.

ಬಲೆ ಬೀಸಿದ್ದಾಯಿತು. ಕಾಡಿನಂಚಿನ ಕೂಲಿಕಾರರು, ತುಂಡು ಭೂಮಿಯ ರೈತರು, ಸೋಲಿಗರು, ಮಹಿಳೆಯರು ಹೀಗೆ ನೂರಕ್ಕೂ ಹೆಚ್ಚು ಜನ ಮೈಸೂರಿನ ಸೆರೆಮನೆಯನ್ನು ಸೇರಿದರು. ಅವರಲ್ಲಿ ಮಾರ್ಟಳ್ಳಿ ಸೀಮೆಯ ನಮ್ಮ ಕ್ರೈಸ್ತರೂ ಇದ್ದರು. ಕಾಡುಗಳ್ಳನು ಬಂದೂಕು ಹಿಡಿದು ಬಾಗಿಲಿಗೆ ಬಂದಾಗ ಅಕ್ಕಿ ಕೊಟ್ಟವನು ಅವನ ಸಹಚರನೋ ಅಥವಾ ಅವನಿಗೆ ಹೆದರಿದ ಬಡವನೋ ಎಂಬುದನ್ನು ತೀರ್ಮಾನಿಸುವುದೇ ವಿಚಾರಣೆಯ ಕೆಲಸ. ಆ ತೀರ್ಮಾನಕ್ಕೆ ಎಂಟು ವರ್ಷಗಳು ಹಿಡಿದವು. ಟಾಡಾ ಕಾಯಿದೆ 1995ರ ಮೇ ತಿಂಗಳಲ್ಲಿಯೇ ಅವಧಿ ಮುಗಿದು ಇಲ್ಲವಾಗಿತ್ತು. ಆದರೆ ಅದರಡಿ ಹೂಡಿದ್ದ ಮೊಕದ್ದಮೆಗಳು ಉಳಿದುಕೊಂಡವು. ಕಾನೂನು ಸತ್ತ ಮೇಲೂ ಅದರ ಕೈದಿಗಳು ಒಳಗೇ ಇದ್ದರು.

ಈ ನಡುವೆ 2000ದ ಜುಲೈ 30ರ ರಾತ್ರಿ ಡಾ. ರಾಜ್‌ಕುಮಾರ್ ಅವರ ಅಪಹರಣವಾಯಿತು. ಆ ನೂರೆಂಟು ದಿನಗಳ ತಳಮಳವನ್ನು ಕಂಡ ಯಾರೂ ಮರೆತಿರಲಾರರು. ವೀರಪ್ಪನ್ ಮುಂದಿಟ್ಟ ಬೇಡಿಕೆಗಳಲ್ಲಿ ಮೈಸೂರಿನಲ್ಲಿದ್ದ ಟಾಡಾ ಬಂಧಿಗಳ ಬಿಡುಗಡೆಯೂ ಒಂದಾಗಿತ್ತು. ಸರ್ಕಾರ ಒಪ್ಪಿ, ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಮುಂದಾಯಿತು. ಆಗ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವರು ಮಡಿದ ಶಕೀಲ್ ಅಹಮದ್ ಅವರ ತಂದೆ, ಅಬ್ದುಲ್ ಕರೀಂ. ತನ್ನ ಮಗ ಪ್ರಾಣ ತೆತ್ತದ್ದು ಇದಕ್ಕಾಗಿಯೇ ಎಂಬ ತಂದೆಯೊಬ್ಬನ ನೋವು ಆ ಅರ್ಜಿಯ ಹಿಂದೆ ಇತ್ತೆಂದು ಬೇರೆ ಹೇಳಬೇಕಾಗಿಲ್ಲ. ನವೆಂಬರ್ ತಿಂಗಳಲ್ಲಿ ನ್ಯಾಯಾಲಯ ಬಿಡುಗಡೆಯನ್ನು ತಡೆಯಿತು.

ಆ ವೃದ್ಧರ ಪ್ರಶ್ನೆಯನ್ನು ನಾನು ಬಹುಕಾಲ ಮನಸ್ಸಿನಲ್ಲಿಟ್ಟುಕೊಂಡು ಚಿಂತಿಸಿದ್ದೇನೆ. ಅವರ ಪಕ್ಷವೇ ಸರಿಯೆಂದು ನನಗೆ ಈಗಲೂ ತೋರುತ್ತದೆ. ಈ ಬಂಧಿಗಳು ನಿಜವಾಗಿಯೂ ನಾಡಿಗೆ ಅಪಾಯಕಾರಿಗಳಾಗಿದ್ದರೆ, ಅವರನ್ನು ಒತ್ತೆಹಣದಂತೆ ಕೊಟ್ಟುಬಿಡುವ ಹಕ್ಕು ಯಾವ ಸರ್ಕಾರಕ್ಕೂ ಇರಲಿಲ್ಲ. ಅಪಾಯಕಾರಿಗಳಲ್ಲವಾಗಿದ್ದರೆ ಏಳು ವರ್ಷ ಅವರನ್ನು ಕೂಡಿಹಾಕುವ ಹಕ್ಕು ಎಲ್ಲಿಂದ ಬಂತು? ಕಠಿಣ ನೀತಿ ಎಂದು ಹೆಮ್ಮೆಪಡುತ್ತಿದ್ದುದರ ಒಳಗೆ ಏನಿತ್ತೆಂಬುದನ್ನು ಈ ಒಂದು ಇಕ್ಕಟ್ಟು ಬಯಲುಮಾಡಿತು. ಅದರೊಳಗೆ ನ್ಯಾಯನಿರ್ಣಯವಿರಲಿಲ್ಲ, ಬಂಧನವಷ್ಟೇ ಇತ್ತು.

2001ರ ಸೆಪ್ಟೆಂಬರಿನಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ನೀಡಿತು. ಆರೋಪಿಗಳಲ್ಲಿ ಬಹುಪಾಲು ಜನ ಬಿಡುಗಡೆಯಾದರು. ಕೆಲವರಿಗೆ ಶಿಕ್ಷೆಯಾಯಿತು. ಹಾಗೆ ಶಿಕ್ಷಿತರಾಗಿ ಜೀವಾವಧಿ ಹೊತ್ತ ನಾಲ್ವರು ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋದಾಗ, ನ್ಯಾಯಾಲಯ ತಾನಾಗಿಯೇ ನೋಟಿಸು ನೀಡಿ 2004ರ ಜನವರಿಯಲ್ಲಿ ಆ ಶಿಕ್ಷೆಯನ್ನು ಮರಣದಂಡನೆಗೆ ಏರಿಸಿತು. ಅವರ ಕ್ಷಮಾದಾನದ ಅರ್ಜಿಗಳು ರಾಷ್ಟ್ರಪತಿ ಭವನದಲ್ಲಿ ಸುಮಾರು ಒಂಬತ್ತು ವರ್ಷ ತೀರ್ಮಾನವಾಗದೆ ಉಳಿದು 2013ರ ಫೆಬ್ರವರಿಯಲ್ಲಿ ತಿರಸ್ಕೃತವಾದವು. ಬೆಳಗಾವಿಯ ಹಿಂಡಲಗಾ ಸೆರೆಮನೆಯಲ್ಲಿ ಗಲ್ಲಿನ ಸಿದ್ಧತೆಯ ಸುದ್ದಿ ಹಬ್ಬಿದಾಗ ಮತ್ತೆ ನ್ಯಾಯಾಲಯವೇ ತಡೆಯಾಜ್ಞೆ ನೀಡಬೇಕಾಯಿತು. 2014ರ ಜನವರಿ 21ರಂದು ಈ ನಾಲ್ವರೂ ಸೇರಿದಂತೆ 15 ಕೈದಿಗಳ ಮರಣದಂಡನೆ ಜೀವಾವಧಿಗೆ ಇಳಿಯಿತು. ಅತಿಯಾದ ವಿಳಂಬವೇ ಒಂದು ಚಿತ್ರಹಿಂಸೆ ಎಂಬ ತತ್ತ್ವ ಆ ತೀರ್ಪಿನಿಂದ ಗಟ್ಟಿಯಾಯಿತು.

ವೀರಪ್ಪನ್ ಮಾತ್ರ ಯಾವ ನ್ಯಾಯಾಲಯದ ಕಟಕಟೆಯಲ್ಲಿಯೂ ನಿಲ್ಲಲಿಲ್ಲ. 2004ರ ಅಕ್ಟೋಬರ್ 18ರ ರಾತ್ರಿ ತಮಿಳುನಾಡಿನ ವಿಶೇಷ ಕಾರ್ಯಪಡೆಯ ಗುಂಡಿಗೆ ಅವನು ಬಲಿಯಾದಾಗ ಟಾಡಾ ಮಣ್ಣಾಗಿ ಒಂಬತ್ತು ವರ್ಷಗಳು ಕಳೆದಿದ್ದವು. ಅವನನ್ನು ಕಾಡಿನಿಂದ ಹೊರಗೆಳೆದದ್ದು ತಾಳ್ಮೆಯ ಗುಪ್ತಚರ ಕಾರ್ಯ. ಹಳ್ಳಿಗಳನ್ನು ಬಾಚಿ ಸೆರೆಗೆ ತುಂಬಿದ್ದರಿಂದ ಅವನು ಸಿಗಲಿಲ್ಲ. ಇನ್ನು ಕಾರ್ಯಾಚರಣೆಯ ಹೆಸರಿನಲ್ಲಿ ಗ್ರಾಮಸ್ಥರ ಮೇಲೆ ನಡೆದ ಅತ್ಯಾಚಾರ, ಹಿಂಸೆಗಳ ದೂರುಗಳನ್ನು ನ್ಯಾಯಮೂರ್ತಿ ಸದಾಶಿವ ಅವರ ಸಮಿತಿ ಪರಿಶೀಲಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ 2.80 ಕೋಟಿ ರೂಪಾಯಿಗಳ ಪರಿಹಾರವನ್ನು ಶಿಫಾರಸು ಮಾಡಿತು. ದೇಶದ ಒಟ್ಟು ಲೆಕ್ಕವೂ ಇದಕ್ಕಿಂತ ಭಿನ್ನವಲ್ಲ. 1994ರ ಮಧ್ಯದ ವೇಳೆಗೆ ಸುಮಾರು 76,000 ಜನರು ಟಾಡಾ ಅಡಿ ಬಂಧಿತರಾಗಿದ್ದರು. ಅವರಲ್ಲಿ ನೂರಕ್ಕೆ ಇಬ್ಬರಿಗೂ ಶಿಕ್ಷೆಯಾಗಲಿಲ್ಲ.

ಆದರೂ ಬಲಿಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ನಿಂತಾಗ ಹಿರಿಯರೊಬ್ಬರಾದರೂ ಹೇಳುವ ಮಾತಿದೆ: "ಕಾನೂನು ಸಡಿಲವಾದ್ದರಿಂದಲೇ ಈ ಕಳ್ಳಕಾಕರ ಹಾವಳಿ, ಸ್ವಾಮಿಯವರೇ. ನಾಲ್ಕು ಜನರನ್ನು ನೇಣಿಗೆ ಹಾಕಿದರೆ ಎಲ್ಲ ಸರಿಹೋಗುತ್ತದೆ." ಅವರ ಭಯ ಸುಳ್ಳಲ್ಲ, ಮನೆಯಲ್ಲಿ ಹೆಣ್ಣುಮಕ್ಕಳಿರುವವರು, ಊರಾಚೆ ತೋಟದ ಮನೆಯಲ್ಲಿ ಒಂಟಿಯಾಗಿರುವವರು ಆಡುವ ಮಾತದು. ಜನಸಮೂಹದ ಕೂಗಿಗೆ ಮಣಿದು ಕೈತೊಳೆದುಕೊಂಡ ಪಿಲಾತನ ಉದಾಹರಣೆ ಹೇಳಿ ಅವರ ಬಾಯಿ ಮುಚ್ಚಿಸುವುದು ಸುಲಭ, ಆದರೆ ಅದು ಉತ್ತರವಾಗದು.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಮಿಲಾನಿನ ಬೆಕ್ಕಾರಿಯಾ ಎಂಬಾತನ ಪುಸ್ತಕವೊಂದು ನಮ್ಮ ಕೈಗೆ ಬಂದಿತ್ತು. ಅಪರಾಧ ಮತ್ತು ದಂಡನೆಗಳನ್ನು ಕುರಿತು 1764ರಲ್ಲಿ ಆತ ಬರೆದದ್ದು. ಅಪರಾಧಿಯನ್ನು ತಡೆಯುವುದು ಶಿಕ್ಷೆಯ ಘೋರತೆಯಲ್ಲ, ಸಿಕ್ಕಿಬೀಳುವುದು ಖಚಿತ, ಶಿಕ್ಷೆ ಶೀಘ್ರ ಎಂಬ ಅರಿವು ಎಂಬುದು ಆತನ ವಾದದ ತಿರುಳು. ತರುಣರಾಗಿದ್ದ ನಮಗೆ ಇದು ಒಣ ತರ್ಕವಾಗಿ ಕಂಡಿತ್ತು. ಪಾಲಾರ್ ಮೊಕದ್ದಮೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿದಾಗ ತಿಳಿಯಿತು, ಟಾಡಾ ಈ ಎರಡನ್ನೂ ಬಿಟ್ಟುಕೊಟ್ಟು ಘೋರತೆಯೊಂದನ್ನೇ ಇಟ್ಟುಕೊಂಡಿತ್ತು. ಸಾಕ್ಷ್ಯ ಹುಡುಕುವ ಶ್ರಮವನ್ನು ತಪ್ಪೊಪ್ಪಿಗೆಯ ಹಾಳೆ ಉಳಿಸಿತು. ಜಾಮೀನಿಲ್ಲದ ಕಾರಣ ಬೇಗ ವಿಚಾರಿಸಬೇಕೆಂಬ ಅವಸರ ಯಾರಿಗೂ ಇರಲಿಲ್ಲ. ಹಾಗಾಗಿ ನಿರಪರಾಧಿ ಎಂಟು ವರ್ಷ ಕಳೆದುಕೊಂಡ. ಪಾಲಾರಿನಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸಿಗೂ ಅಷ್ಟೇ ವರ್ಷ ನ್ಯಾಯ ದೊರೆಯಲಿಲ್ಲ.

ಟಾಡಾ ಹೋದ ಬಳಿಕ 2002ರಲ್ಲಿ ಪೋಟಾ ಬಂದಿತು, 2004ರಲ್ಲಿ ಅದೂ ರದ್ದಾಯಿತು. ಅದರ ಹಲವು ಅಂಶಗಳು ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯಿದೆಯೊಳಗೆ ಸೇರಿಕೊಂಡವು. 2008ರ ತಿದ್ದುಪಡಿ ಜಾಮೀನನ್ನು ಮತ್ತೆ ದುಸ್ತರಗೊಳಿಸಿತು. ಬೆಂಗಳೂರಿನಲ್ಲಿ ಹಲವು ವರ್ಷ ಸೇವೆ ಸಲ್ಲಿಸಿದ್ದ ಯೇಸುಸಭೆಯ ಫಾದರ್ ಸ್ಟ್ಯಾನ್ ಸ್ವಾಮಿ ಈ ಕಾಯಿದೆಯಡಿ 2020ರ ಅಕ್ಟೋಬರಿನಲ್ಲಿ ಬಂಧಿತರಾಗಿ, ವಿಚಾರಣೆ ಆರಂಭವಾಗುವ ಮೊದಲೇ 2021ರ ಜುಲೈ 5ರಂದು 84ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೈ ನಡುಗುತ್ತಿದ್ದ ಅವರು ನೀರು ಕುಡಿಯಲು ಒಂದು ಹೀರುಕೊಳವೆಗಾಗಿ ನ್ಯಾಯಾಲಯಕ್ಕೆ ಅರ್ಜಿ ಹಾಕಿದ್ದರು.

ಅವರ ಹೆಸರು ನಮಗೆ ಗೊತ್ತು. ಹೆಸರು ಗೊತ್ತಿಲ್ಲದವರೇ ಹೆಚ್ಚು. 2022ರ ಕೊನೆಯಲ್ಲಿ ದೇಶದ ಸೆರೆಮನೆಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರು ಇನ್ನೂ ಅಪರಾಧಿಗಳೆಂದು ತೀರ್ಮಾನವಾಗದವರು. ಜಾಮೀನು ಸಿಕ್ಕಿಯೂ ಹೊರಬರಲಾಗದವರಿದ್ದಾರೆ. ಪಹಣಿ ಹಿಡಿದು ಜಾಮೀನು ನಿಲ್ಲುವ ನಂಟರು ಭೂಮಿಯಿಲ್ಲದವನಿಗೆ ಎಲ್ಲಿಂದ ಬರಬೇಕು?

ಸುಧಾರಣೆಯ ದಾರಿ ಸ್ವಲ್ಪಮಟ್ಟಿಗೆ ತೆರೆದಿದೆ. ವಿಚಾರಣೆ ತೀರಾ ತಡವಾದರೆ ಇಂತಹ ವಿಶೇಷ ಕಾಯಿದೆಯಡಿಯಲ್ಲಿಯೂ ಜಾಮೀನು ನೀಡಬಹುದೆಂದು 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನ ಪ್ರಕಾರ, ಹಿಂದೆಂದೂ ಶಿಕ್ಷೆಗೊಳಗಾಗದ ಕೈದಿ ತನ್ನ ಮೇಲಿನ ಆರೋಪಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಸೆರೆಯಲ್ಲಿ ಕಳೆದಿದ್ದರೆ ಬಿಡುಗಡೆಗೆ ಅರ್ಹನು. ಮರಣದಂಡನೆ ಅಥವಾ ಜೀವಾವಧಿ ವಿಧಿಸಬಹುದಾದ ಅಪರಾಧಗಳಿಗೂ, ಒಂದಕ್ಕಿಂತ ಹೆಚ್ಚು ಮೊಕದ್ದಮೆಗಳಿರುವವರಿಗೂ ಇದು ಅನ್ವಯಿಸದು. ಅರ್ಜಿ ಸಲ್ಲಿಸಬೇಕಾದವರು ಸೆರೆಮನೆಯ ಸೂಪರಿಂಟೆಂಡೆಂಟರೇ; ಹಳೆಯ ಮೊಕದ್ದಮೆಗಳಿಗೂ ಇದು ಸಲ್ಲುತ್ತದೆಂದು ಅದೇ ವರ್ಷದ ಆಗಸ್ಟಿನಲ್ಲಿ ಸ್ಪಷ್ಟವಾಗಿದೆ. ಆದರೆ ದಿನ ಎಣಿಸುವವರು ಯಾರೂ ಇಲ್ಲದಿದ್ದರೆ ಕಲಮು ಪುಸ್ತಕದಲ್ಲಿಯೇ ಉಳಿಯುತ್ತದೆ.

ನಮ್ಮ ಧರ್ಮಕೇಂದ್ರಗಳಲ್ಲಿ ವಕೀಲರಿದ್ದಾರೆ, ನಿವೃತ್ತ ಗುಮಾಸ್ತರಿದ್ದಾರೆ. ಕ್ರಿಸ್ಮಸ್ ವೇಳೆಗೆ ಕೇಕು ಹಿಡಿದು ಸೆರೆಮನೆಗೆ ಹೋಗುವ ಯುವಕರ ಸಂಘಗಳೂ ಇವೆ. ಮುಂದಿನ ಬಾರಿ ಹೋಗುವಾಗ ಒಂದು ನೋಟ್‌ಬುಕ್ಕನ್ನೂ ಒಯ್ಯಲಿ. ಯಾರು, ಯಾವ ಆರೋಪ, ಒಳಬಂದ ತಾರೀಖು, ವಕೀಲರಿದ್ದಾರೆಯೇ, ಇಷ್ಟು ಬರೆದುಕೊಂಡು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ತಲುಪಿಸಿದರೆ ಸಾಕು. ಅಲ್ಲಿ ಬಡವರಿಗೆ ವಕೀಲರ ನೆರವು ಉಚಿತ.