ಮಲ್ಲಿಗೆ ಬಳ್ಳಿಗೆ ಕತ್ತರಿ ಬೇಕು



ಬಸವಕಲ್ಯಾಣ, ಹುಮನಾಬಾದ್ ಕಡೆ ಕೆಂಪು ಮಣ್ಣು ಬಹಳ. ಅದರಲ್ಲಿ ನೀರು ನಿಲ್ಲುವುದಿಲ್ಲ. ಮಲ್ಲಿಗೆಗೆ ಅದು ಛಲೋ. ಮಳೆಗಾಲದಲ್ಲಿ ಗೇಣುದ್ದದ ಕಡ್ಡಿ ಹಚ್ಚೋಣ.

ಬಳ್ಳಿ ಜೋರಾಗಿ ಹಬ್ಬಿದರೆ ಹೂವು ಹೆಚ್ಚು ಅಂತೀವಿ. ಹಾಗಲ್ಲ. ಮೊಗ್ಗು ಬರುವುದು ಹೊಸ ಚಿಗುರಿಗೆ. ಆದ್ದರಿಂದ ಬಳ್ಳಿ ಬಲಿತ ಮೇಲೆ ವರ್ಷಕ್ಕೊಮ್ಮೆ ಕತ್ತರಿಸಬೇಕು. ನವೆಂಬರ್ ಕೊನೆಗೆ ಕೆಲವು ದಿನ ನೀರು ನಿಲ್ಲಿಸೋಣ. ಆಮೇಲೆ ಮೊಣಕಾಲೆತ್ತರ ಬಿಟ್ಟು ಮೇಲಿನದನ್ನು ಕತ್ತರಿಸೋಣ. ತಿಪ್ಪೆ ಗೊಬ್ಬರ ಹಾಕಿ ನೀರು ಕೊಡೋಣ. ಚಿಗುರು ಒಡೆಯುತ್ತದೆ. ಬೇಸಿಗೆಗೆ ಹೂವು ಬರುತ್ತದೆ. ಮುಡಿಯಲೂ ಆಯಿತು, ಮಾರಲೂ ಆಯಿತು.

ಬಳ್ಳಿ ಕರೆಂಟಿನ ತಂತಿ ಮುಟ್ಟಿದರೆ? ಹಸಿ ಬಳ್ಳಿಯಲ್ಲೂ ಕರೆಂಟು ಹರಿಯುತ್ತದೆ. ಜೀವ ಹೋದೀತು! ನಾವು ಮುಟ್ಟಬಾರದು. ಮಕ್ಕಳನ್ನೂ ಹತ್ತಿರ ಬಿಡಬಾರದು. ಲೈನ್‌ಮನ್‌ಗೆ ಹೇಳಿ ಕಳಿಸೋಣ. ಮೊದಲೇ ತಂತಿಯಿಂದ ದೂರ ಹಂದರ ಹಾಕಿದರೆ ಆ ಭಯವೇ ಇಲ್ಲ.